ಪರಂಗಿ ರಾಜನ ಮೇಡಂ

ಅವರ ಗಂಡನೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದ. ಹಾಗಾಗಿ ನಮಗೆ ಬೇರೆ ದಾರಿಯಿರಲಿಲ್ಲ. ನ್ಯೂಜೆರ್ಸಿಯ ಇಸೆಲಿನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗಿಂತ ಎಷ್ಟೋ ಹಿರಿಯರಾದ ಗುಜರಾತಿ ಅಜ್ಜಿಯರೂ ಮೇಡಂ ಎನ್ನುತ್ತಿದ್ದರು. ಎತ್ತರದ ಹೆಂಗಸು ಎಂದು ಬರೆಯಲು ಹೊರಟೆ. ನಿಲ್ಲಿಸಿದೆ. ಅವರು ಎತ್ತರವಿರಲಿಲ್ಲ. ಕುಳಿತವರ ಮುಂದೆ ಯಾವಾಗಲೂ ನಿಂತೇ ಮಾತಾಡುತ್ತಿದ್ದರು, ಅಷ್ಟೆ. ಇಷ್ಟು ವರ್ಷಗಳಲ್ಲಿ ಆ ನಿಲುವು ನನ್ನ ತಲೆಯೊಳಗೆ ಎತ್ತರವಾಗಿ ಬೆಳೆದುಬಿಟ್ಟಿದೆ. ಇನ್ನೇನೇನು ಬೆಳೆದಿದೆಯೋ ನೋಡಬೇಕು.

ಮೈಸೂರಿನವರು. ದಿನಾ ಬಸ್ಸು ಹತ್ತಿ ನಂಜನಗೂಡಿನ ಕಾಲೇಜಿಗೆ ಹೋಗಿ, ಬಿ.ಎ. ಹುಡುಗರಿಗೆ ಯುರೋಪಿನ ಇತಿಹಾಸವನ್ನು ಕನ್ನಡದಲ್ಲಿ ಪಾಠ ಮಾಡುತ್ತಿದ್ದವರು. ಎರಡು ಸಾವಿರದ ಇಸವಿ ಬಂದರೆ ಪ್ರಪಂಚದ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿ ಕೆಟ್ಟುಹೋಗುತ್ತವೆ ಎಂಬ ಗಾಬರಿಯಲ್ಲಿ ಅಮೆರಿಕ ನಮ್ಮನ್ನೆಲ್ಲ ವಿಮಾನ ತುಂಬಿ ಕರೆಸಿಕೊಂಡ ಕಾಲ ಅದು. ಅವರ ಗಂಡ ಇಕ್ಬಾಲ್ ಹಾಗೆ ಬಂದ. ಇವರು ಕಾಲೇಜಿಗೆ ಸಂಬಳವಿಲ್ಲದ ರಜೆ ಹಾಕಿ ಹಿಂದೆಯೇ ಬಂದರು. ಡಿಪೆಂಡೆಂಟ್ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಇಕ್ಬಾಲ್ ಬೆಳಿಗ್ಗೆ ಮೆಟ್ರೋಪಾರ್ಕಿನಲ್ಲಿ ರೈಲು ಹಿಡಿದು ಮ್ಯಾನ್‌ಹಟನ್‌ಗೆ ಹೋದರೆ ಇವರು ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಪಾಠ ಮಾಡುತ್ತಿದ್ದರಂತೆ.

"ಫ್ರಿಜ್ಜಿಗೆ ಈಗ ರೋಮನ್ ಸಾಮ್ರಾಜ್ಯದ ಪತನ ಪೂರ್ತಿ ಗೊತ್ತು," ಎನ್ನುತ್ತಿದ್ದ ಇಕ್ಬಾಲ್. "ನಂಗಿಂತ ಚೆನ್ನಾಗಿ ಕೇಳುತ್ತೆ. ಮಧ್ಯೆ ಆಕಳಿಸಲ್ಲ."

ಅವರೊಂದಿಗೆ ನನ್ನ ಮೊದಲ ಪಾಠ ನಡೆದದ್ದು ಓಕ್ ಟ್ರೀ ರೋಡಿನ ತರಕಾರಿ ಅಂಗಡಿಯಲ್ಲಿ. ಪಪ್ಪಾಯಿಯೊಂದನ್ನು ನನ್ನ ಮುಖದ ಮುಂದೆ ಹಿಡಿದರು.

"ಇದಕ್ಕೆ ನಿಮ್ಮನೇಲಿ ಏನಂತಾರೆ?"

"ಪರಂಗಿ ಹಣ್ಣು, ಮೇಡಂ."

"ಯಾಕೆ?"

ನಾನು ಹಾಸನದವನು. ಹುಟ್ಟಿದಾಗಿನಿಂದ ತಿಂದ ಹಣ್ಣಿನ ಹೆಸರಿಗೆ ಒಂದು 'ಯಾಕೆ' ಇರಬಹುದೆಂದು ಹೊಳೆದಿರಲಿಲ್ಲ.

"ಫ್ರಾಂಕ್ ಅಂತ ಒಂದು ಜನ ಇದ್ರು. ಅರಬ್ಬರ ಬಾಯಲ್ಲಿ ಫರಂಜ್ ಆದ್ರು, ಪರ್ಷಿಯಾದಲ್ಲಿ ಫರಂಗ್. ನಮ್ಮನೇಲಿ ಫರಂಗಿ, ನಿಮ್ಮನೇಲಿ ಪರಂಗಿ. ಬಿಳೀ ಜನ ಹಡಗಲ್ಲಿ ತಂದ ಹಣ್ಣು, ಅದಕ್ಕೇ ಪರಂಗಿ ಹಣ್ಣು. ಆ ಫ್ರಾಂಕರಿಗೆ ಮೊದಲು ಒಂದು ದೇಶ ಕಟ್ಟಿಕೊಟ್ಟೋನು ಕ್ಲೋವಿಸ್. ಪಟ್ಟಕ್ಕೆ ಬಂದಾಗ ಪುಣ್ಯಾತ್ಮನಿಗೆ ಹದಿನೈದು ವರ್ಷ. ಈಗಿನ ಬೆಲ್ಜಿಯಂ ಹತ್ರ ಒಂದು ಚೂರು ಜಾಗ ಇಟ್ಕೊಂಡಿದ್ದ. ಸಾಯೋ ಹೊತ್ತಿಗೆ ಹೆಚ್ಚುಕಮ್ಮಿ ಫ್ರಾನ್ಸೇ ಅವನದ್ದು. ಹಣ್ಣು ಆರಿಸಿ, ನಿಂತ್ಕೊಂಡ್ರೆ ಹೇಗೆ?"

ಎಲ್ಲ ರಾಜರನ್ನೂ 'ಪುಣ್ಯಾತ್ಮ' ಎನ್ನುತ್ತಿದ್ದರು. ಕೊಲೆಗಡುಕರಾದರೆ 'ಮಹಾ ಪುಣ್ಯಾತ್ಮ'.

ಕ್ಲೋವಿಸ್ ಎರಡನೆಯ ಗುಂಪು. ಅವನ ವಂಶದವರು ತಲೆಗೂದಲು ಕತ್ತರಿಸುತ್ತಿರಲಿಲ್ಲ. ಉದ್ದ ಕೂದಲೇ ರಾಜತನ, ಕತ್ತರಿಸಿದರೆ ಪಟ್ಟ ಹೋದಂತೆ. ಇವನು ದಾಯಾದಿಗಳ ಕೂದಲು ಕತ್ತರಿಸಿ ಅಷ್ಟಕ್ಕೇ ತೃಪ್ತನಾಗದೆ ತಲೆಯನ್ನೂ ತೆಗೆಸಿದ. ನಮ್ಮ ಮನೆಯಲ್ಲಿ ಒಂದು ಭಾನುವಾರ, ಕಾಫಿ ಲೋಟ ಕೈಯಲ್ಲಿ ಹಿಡಿದು ನಿಂತೇ, ಮೇಡಂ ಅದರ ಕೊನೆಯನ್ನು ಹೇಳಿದರು. ಎಲ್ಲರನ್ನೂ ಮುಗಿಸಿದ ಮೇಲೆ ರಾಜ ಸಭೆಯಲ್ಲಿ ಅತ್ತನಂತೆ. ಅಯ್ಯೋ, ನನ್ನವರು ಅಂತ ಒಬ್ಬರೂ ಉಳಿದಿಲ್ಲವಲ್ಲ, ಕಷ್ಟ ಬಂದರೆ ಯಾರು ದಿಕ್ಕು ಎಂದು.

"ಪಶ್ಚಾತ್ತಾಪ," ಎಂದಳು ನನ್ನ ಹೆಂಡತಿ ಸುಧಾ.

"ಅಲ್ಲಮ್ಮ! ಎಲ್ಲಾದರೂ ಇನ್ನೊಬ್ಬ ನೆಂಟ ಬಚ್ಚಿಟ್ಕೊಂಡಿದ್ರೆ ಅಳು ಕೇಳಿ ಆಚೆ ಬರ್ಲಿ ಅಂತ!"

"ನಮ್ಮ ಮ್ಯಾನೇಜರ್ ಥೇಟ್ ಹಂಗ ಅದಾನ್ರೀ," ಎಂದ ಕುಲಕರ್ಣಿ. ಅವನು ಧಾರವಾಡದವನು, ನಮ್ಮ ಮೇಲಿನ ಮನೆಯವನು, ಯಾರೂ ಕೇಳದಿದ್ದರೂ ಸಲಹೆ ಕೊಡುವವನು. "ಮೀಟಿಂಗ್‌ನಾಗ ಬಂದು, ಯಾರಿಗರ ಏನರ ತ್ರಾಸ ಐತೇನು ಅಂತ ಪ್ರೀತೀಲೆ ಕೇಳ್ತಾನ. ಕೈ ಎತ್ತಿದವ ಮುಂದಿನ ವಾರ ಇರೂದಿಲ್ಲ."

ಆದರೆ ಕಥೆ ಮುಗಿದ ಮೇಲೆ ಮೇಡಂ ಒಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. "ಸರಿ. ಇದನ್ನು ಬರೆದವನು ಎಲ್ಲಿ ನಿಂತಿದ್ದ?" ಉತ್ತರವನ್ನೂ ಅವರೇ ಹೇಳುತ್ತಿದ್ದರು. "ಎಲ್ಲೂ ಇಲ್ಲ. ಬರೆದವನು ಒಬ್ಬ ಬಿಷಪ್. ಅವನು ಹುಟ್ಟೋ ಹೊತ್ತಿಗೆ ರಾಜ ಸತ್ತು ವರ್ಷಗಳಾಗಿತ್ತು. ನೆನಪಿಟ್ಕೊಳ್ಳಿ."

ಅವರ ರಜೆ ಮುಗಿಯುತ್ತ ಬಂದಿದ್ದು, ಇಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲಿನ ಒಂದು ಚಳಿಗಾಲದಲ್ಲಿ. ಕಾಲೇಜಿನವರು ಇನ್ನು ವಿಸ್ತರಿಸುವುದಿಲ್ಲ ಎಂದರು. ಜೂನ್‌ನಲ್ಲಿ ಬಂದು ಸೇರಬೇಕು, ಇಲ್ಲವಾದರೆ ಹುದ್ದೆ ಇಲ್ಲ. ಇಕ್ಬಾಲ್‌ನ ಗ್ರೀನ್ ಕಾರ್ಡು ಅಷ್ಟರಲ್ಲಿ ಒಂದು ಹಂತ ದಾಟಿ, ಮೇಡಂಗೂ ಇಲ್ಲಿ ಕೆಲಸ ಮಾಡುವ ಅನುಮತಿ ಬಂದಿತ್ತು. ಆದರೆ ಕೆಲಸ? ನಂಜನಗೂಡಿನ ಇತಿಹಾಸದ ಲೆಕ್ಚರರ್ ಯಾರಿಗೆ ಬೇಕು? ಅಪಾರ್ಟ್‌ಮೆಂಟಿನಲ್ಲಿ ಎಲ್ಲರದೂ ಒಂದೇ ಮಾತು: ಆರು ವಾರದ ಕೋರ್ಸು ಮಾಡಿ ಸಾಫ್ಟ್‌ವೇರ್ ಟೆಸ್ಟಿಂಗಿಗೆ ಸೇರಿ. ಭೂಗೋಳದವರು, ಗೃಹವಿಜ್ಞಾನದವರು, ವೀಣೆಯವರು, ಎಲ್ಲರೂ ಟೆಸ್ಟಿಂಗಿಗೆ ಸೇರುತ್ತಿದ್ದ ಕಾಲ.

"ನಾನು ಟೀಚರ್ರು," ಎಂದರು ಮೇಡಂ. "ಇಲ್ಲಿ ಪಾಠ ಸಿಕ್ಕಿದ್ರೆ ಇರ್ತೀನಿ. ಸಿಗದಿದ್ರೆ ಜೂನ್‌ಗೆ ಮೈಸೂರು."

"ನಾನು?" ಎಂದ ಇಕ್ಬಾಲ್.

"ನೀವು ಫ್ರಿಜ್ಜಿನ ಹತ್ರ ಕೂತ್ಕೊಂಡು ರೋಮ್ ಬಗ್ಗೆ ಕೇಳ್ಕೊಳ್ಳಿ."

ಎಲ್ಲರೂ ನಕ್ಕೆವು. ಇಕ್ಬಾಲ್ ನಗಲಿಲ್ಲ. ಅವನಿಗೆ ಇಲ್ಲಿಯ ಕೆಲಸ ಬಿಡುವಂತಿರಲಿಲ್ಲ, ಮೇಡಂ ಅವರನ್ನು ಬಿಡುವಂತೆಯೂ ಇರಲಿಲ್ಲ.

ಬಾಸ್ಕಿಂಗ್ ರಿಡ್ಜ್ ದಾಟಿ ಮುಂದೆ ಒಂದು ಹುಡುಗಿಯರ ಶಾಲೆ, ಕ್ರೈಸ್ತ ಸನ್ಯಾಸಿನಿಯರು ನಡೆಸುವಂಥದ್ದು. ಮಧ್ಯಯುಗದ ಇತಿಹಾಸಕ್ಕೆ ಟೀಚರ್ ಬೇಕೆಂದು ಪೇಪರಿನಲ್ಲಿ ಹಾಕಿದ್ದರು. ಇವರು ಅರ್ಜಿ ಹಾಕಿದರು. ಬಂದು ಒಂದು ತರಗತಿ ತೆಗೆದುಕೊಂಡು ತೋರಿಸಿ, ವಿಷಯ ನಿಮ್ಮಿಷ್ಟ ಎಂದು ಕರೆ ಬಂತು.

"ತಾಜ್ ಮಹಲ್ ಹೇಳ್ರೀ ಮೇಡಂ," ಎಂದ ಕುಲಕರ್ಣಿ. "ಅವ್ರಿಗೆ ಭಾಳ ಸೇರ್ತದ. ಇಲ್ಲಾಂದ್ರ ಗಾಂಧಿ. ಅವ್ರದೇ ರಾಜಾನ ಅವ್ರಿಗೇ ಹೇಳಾಕ ಹೊಂಟೀರಲ್ಲ, ಅದೂ ಆ ಲವಂಗ ರಾಜಾ. ತಪ್ಪಿದ್ರ ಮುಗೀತು!"

"ಕ್ಲೋವಿಸ್ ಕಣ್ರೀ, ಲವಂಗ ಅಲ್ಲ. ಮಧ್ಯಯುಗಕ್ಕೆ ಟೀಚರ್ ಬೇಕು ಅಂದಿದಾರೆ. ನಾನೇನು ಇಂಡಿಯಾದ ಸ್ಯಾಂಪಲ್ಲಾ, ತೋರಿಸಿ ಬರೋಕೆ?"

ಆ ದಿನಗಳಲ್ಲಿ ನಾನು 'ಬೆಂಚಿ'ನಲ್ಲಿದ್ದೆ. ಒಂದು ಪ್ರಾಜೆಕ್ಟು ಮುಗಿದು ಇನ್ನೊಂದು ಸಿಗುವವರೆಗೆ ಖಾಲಿ ಕೂರುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. "ಹೆಂಗೂ ಬೆಂಚಲ್ಲಿದೀರಲ್ಲ, ಕೂತು ಪಾಠ ಕೇಳಿ," ಎಂದರು ಮೇಡಂ. ನಮ್ಮ ಹಾಲ್‌ನಲ್ಲಿ ರಿಹರ್ಸಲ್ ಶುರುವಾಯಿತು. ನಾನು, ಸುಧಾ, ಕುಲಕರ್ಣಿ ವಿದ್ಯಾರ್ಥಿನಿಯರು.

ಇಂಗ್ಲಿಷಿನಲ್ಲಿ ಶುರುಮಾಡಿದರು. ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ, ಜೀವವೂ ಇರಲಿಲ್ಲ. ಇಸ್ತ್ರಿ ಹಾಕಿ ಮಡಿಚಿಟ್ಟ ಇಂಗ್ಲಿಷು. ತರಕಾರಿ ಅಂಗಡಿಯಲ್ಲಿ ಕತ್ತಿ ಹಿಡಿದು ಕುಣಿದಿದ್ದ ರಾಜ ನಮ್ಮ ಸೋಫಾ ಮುಂದೆ ಪಾಸ್‌ಪೋರ್ಟ್ ಫೋಟೋದವನ ಹಾಗೆ ನಿಂತ. ಅವರಿಗೂ ಗೊತ್ತಾಯಿತು. ನಡುವೆ ನಿಲ್ಲಿಸಿ, ಕನ್ನಡದಲ್ಲಿ ಒಮ್ಮೆ ಹೇಳಿ, ಮತ್ತೆ ಇಂಗ್ಲಿಷಿಗೆ ಹೋಗುತ್ತಿದ್ದರು. ರಾಜ ಮತ್ತೆ ಸಾಯುತ್ತಿದ್ದ.

ಅವರು ಆರಿಸಿಕೊಂಡಿದ್ದು ಪಾತ್ರೆಯ ಕಥೆ. ರಾಜನ ಸೈನಿಕರು ಒಂದು ಚರ್ಚನ್ನು ಲೂಟಿ ಮಾಡಿದರು. ಅದರಲ್ಲಿ ಒಂದು ಸುಂದರವಾದ ದೊಡ್ಡ ಪಾತ್ರೆ ಬಂತು. ಬೇರೇನೂ ಬೇಡ, ಅದೊಂದನ್ನು ಹಿಂದಿರುಗಿಸಿ ಎಂದು ಬಿಷಪ್ ಹೇಳಿ ಕಳಿಸಿದ. ಆದರೆ ಆ ಜನರ ಪದ್ಧತಿಯಲ್ಲಿ ಲೂಟಿಯನ್ನು ಚೀಟಿ ಎತ್ತಿ ಹಂಚಬೇಕು, ರಾಜನಿಗೂ ಚೀಟಿಯಲ್ಲಿ ಬಂದದ್ದೇ ಪಾಲು. ಪಾಲಿನ ಜೊತೆ ಈ ಪಾತ್ರೆಯನ್ನೂ ನನಗೆ ಬಿಡಿ ಎಂದು ರಾಜ ಕೇಳಿಕೊಂಡ. ಎಲ್ಲರೂ ಹೂಂ ಎಂದರು. ಒಬ್ಬ ಸೈನಿಕ ಮಾತ್ರ ಕೊಡಲಿ ಎತ್ತಿ ಪಾತ್ರೆಗೆ ಹೊಡೆದು, ಚೀಟಿಯಲ್ಲಿ ಬಂದದ್ದು ಬಿಟ್ಟು ನಿನಗೇನೂ ಇಲ್ಲ ಎಂದ. ರಾಜ ನುಂಗಿಕೊಂಡ. ವರ್ಷ ಕಳೆದ ಮೇಲೆ ಸೈನ್ಯದ ತಪಾಸಣೆಯಲ್ಲಿ ಅದೇ ಸೈನಿಕನ ಮುಂದೆ ನಿಂತು, ಆಯುಧ ಹೀಗಾ ಇಟ್ಟುಕೊಳ್ಳುವುದು ಎಂದು ಅವನ ಕೊಡಲಿ ಕಿತ್ತು ನೆಲಕ್ಕೆಸೆದ. ಅವನು ಎತ್ತಿಕೊಳ್ಳಲು ಬಗ್ಗಿದಾಗ, ಅಂದು ನೀನು ಪಾತ್ರೆಗೆ ಮಾಡಿದ್ದು ಇದನ್ನೇ ಎಂದು ತಲೆ ಸೀಳಿದ.

ಸುಧಾ ಅಡುಗೆಮನೆಯಿಂದ ಒಂದು ಸ್ಟೀಲ್ ಚೊಂಬು ತಂದುಕೊಟ್ಟಳು. ನಮ್ಮ ಮದುವೆಗೆ ಅವಳ ಸೋದರತ್ತೆ ಕೊಟ್ಟದ್ದು, ಹೊಟ್ಟೆಯ ಮೇಲೆ ಅತ್ತೆಯ ಹೆಸರು ಕೆತ್ತಿಸಿದ್ದು. "ಇಟ್ಕೊಳ್ಳಿ ಮೇಡಂ. ಕೈಯಲ್ಲಿ ಏನಾದ್ರೂ ಇದ್ರೆ ಧೈರ್ಯ ಬರುತ್ತೆ."

ಏಪ್ರಿಲ್‌ನ ಒಂದು ಬೆಳಿಗ್ಗೆ ನಾನು ಅವರನ್ನು ಡ್ರೈವ್ ಮಾಡಿಕೊಂಡು ಹೋದೆ. ಪಾರ್ಕ್‌ವೇ ಹಿಡಿದು, ಟೂ ಏಟಿ ಸೆವೆನ್ ಹೆದ್ದಾರಿ ಹತ್ತಿ ಉತ್ತರಕ್ಕೆ. ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಚೊಂಬು. ಶಾಲೆಯ ಆಫೀಸಿನ ಹೆಂಗಸು ನನ್ನನ್ನು ಗಂಡನೆಂದು ತಿಳಿದು ಅಂಗಿಗೆ ಒಂದು ಸ್ಟಿಕರ್ ಅಂಟಿಸಿ, ತರಗತಿಯ ಹಿಂದಿನ ಸಾಲಿನಲ್ಲಿ ಕೂರಿಸಿದಳು.

ಇಲ್ಲಿ ಸುಧಾಳ ತಕರಾರಿದೆ. "ನೀವು ಕ್ಲಾಸೊಳಗೆ ಹೋಗೇ ಇರ್ಲಿಲ್ಲ. ಕಾರಲ್ಲೇ ಕೂತಿದ್ದೆ, ಚಳಿ ಹಿಡೀತು ಅಂತ ಆವತ್ತು ನೀವೇ ಹೇಳಿದ್ರಿ." ಇರಬಹುದು. ಮುಂದಿನದನ್ನು ಮೇಡಂ ನಮಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾರೆಂದರೆ, ಅವರ ಮಾತೇ ನನಗೆ ಕಣ್ಣಾಗಿರಬಹುದು. ಬರೆದವನು ಎಲ್ಲಿ ನಿಂತಿದ್ದ? ಗೊತ್ತಿಲ್ಲ, ಮೇಡಂ. ತರಗತಿಯಲ್ಲೋ ಕಾರಿನಲ್ಲೋ. ನನಗೆ ಕಾಣುವುದನ್ನು ಬರೆಯುತ್ತೇನೆ.

ನೀಲಿ ಸ್ವೆಟರಿನ ಹುಡುಗಿಯರು. ಗೋಡೆಯ ಬಳಿ ಪ್ರಿನ್ಸಿಪಾಲ್ ಸಿಸ್ಟರ್, ಬಿಳಿಗೂದಲು, ಕೈಕಟ್ಟಿ. ಮೇಡಂ ಇಸ್ತ್ರಿ ಮಾಡಿದ ಇಂಗ್ಲಿಷಿನಲ್ಲೇ ತೊಡಗಿದರು. ಒಬ್ಬಳು ಪೆನ್ನು ತಿರುಗಿಸುತ್ತಿದ್ದಳು. ಇನ್ನೊಬ್ಬಳು ಕಿಟಕಿಯಾಚೆ. ಲೂಟಿ, ಬಿಷಪ್, ಚೀಟಿ. ಆಮೇಲೆ ಸೈನಿಕ ಕೊಡಲಿ ಎತ್ತಿದ. ಮೇಡಂ ಚೊಂಬು ಎತ್ತಿದರು. ಮೇಜಿನ ಅಂಚಿಗೆ ಹೊಡೆದರು, ಠಣ್ಣ್ ಎಂದು.

"ನಗ್ಗಿತು!"

ಕೂಗಿಯೇ ಬಿಟ್ಟರು. ಕೂಗಿದ ಮೇಲೆ ಗೊತ್ತಾಯಿತು ಅದು ಇಂಗ್ಲಿಷಲ್ಲ ಎಂದು. ಇಂಗ್ಲಿಷ್ ಪದ ಬರಲಿಲ್ಲ. ಅದೇ ಬೆಳಿಗ್ಗೆ ಹತ್ತುವಾಗ ನನ್ನ ಕಾರಿನ ಬಾಗಿಲು ನೋಡಿ 'ಡೆಂಟ್ ಆಗಿದೆಯಲ್ರೀ' ಎಂದಿದ್ದವರು, ಆ ಗಳಿಗೆಯಲ್ಲಿ ಆ ಪದ ಎಲ್ಲಿಗೋ ಹೋಯಿತು. ಕಿಟಕಿಯಾಚೆ ನೋಡುತ್ತಿದ್ದವಳು ಒಳಗೆ ತಿರುಗಿದಳು. ಸಿಸ್ಟರ್ ಕೈಕಟ್ಟು ಬಿಡಿಸಿದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಪಾತ್ರೆ ಒಡೆದು ಚೂರಾಯಿತು ಎಂದಲ್ಲವೇ, ನಮ್ಮ ಪುಸ್ತಕದ ಚಿತ್ರದಲ್ಲಿ ಚೂರುಗಳಿವೆ ಎಂದಳು.

ಮೇಡಂ ಚೊಂಬನ್ನು ಅವಳ ಕೈಗಿತ್ತರು. "ಇದು ಒಡೆದಿದೆಯಾ?"

"ಇಲ್ಲ. ಇಲ್ಲಿ ಒಳಗೆ ಹೋಗಿದೆ."

"ನಗ್ಗಿದೆ. ನಿನ್ನ ಪಕ್ಕದವಳಿಗೆ ಕೊಡು. ಅವಳು ಇದನ್ನು ಬಿಷಪ್‌ಗೆ ವಾಪಸ್ ಕೊಡಬಹುದಾ?"

"ಕೊಡಬಹುದು."

"ಬರೆದವನು ಹೇಳ್ತಾನೆ, ಹೊಡೆದ ಮೇಲೂ ರಾಜ ಪಾತ್ರೆಯನ್ನ ಬಿಷಪ್ ಕಡೆಯವನ ಕೈಗೆ ಕೊಟ್ಟ ಅಂತ. ಯಾವ ಲೋಹ ಅಂತ ಹೇಳಲ್ಲ, ಚೂರಾಯ್ತು ಅಂತಾನೂ ಹೇಳಲ್ಲ. ಹಾಗಾದ್ರೆ ಇದನ್ನ ಚೂರು ಮಾಡಿದೋರು ಯಾರು?"

ಚೊಂಬು ಸಾಲಿನಿಂದ ಸಾಲಿಗೆ ಹೋಗುತ್ತಿತ್ತು. ಹುಡುಗಿಯರು ನಗ್ಗಿದಲ್ಲಿ ಬೆರಳಿಟ್ಟು ನೋಡುತ್ತಿದ್ದರು. ಕಿಟಕಿಯ ಹುಡುಗಿ, ಕೈಯನ್ನೂ ಎತ್ತದೆ, ಮೆಲ್ಲಗೆ ಹೇಳಿದಳು: "ಚಿತ್ರ ಬರೆದವರು."

ನಂಜನಗೂಡಿನಲ್ಲಿ ಆ ಪ್ರಶ್ನೆಗೆ ಆ ಉತ್ತರ ಯಾರೂ ಕೊಟ್ಟಿರಲಿಲ್ಲ ಎಂದು ಮೇಡಂ ಆಮೇಲೆ ಹೇಳಿದರು. ಅಲ್ಲಿಂದ ಇಂಗ್ಲಿಷಿನ ಇಸ್ತ್ರಿ ಬಿಟ್ಟುಹೋಯಿತು. ಅರ್ಧ ವಾಕ್ಯಗಳು, ಕೈ, ಕಣ್ಣು, ಒಂದು 'ಪುಣ್ಯಾತ್ಮ', ನೆಲಕ್ಕೆಸೆದ ಡಸ್ಟರು. ಸೈನಿಕ ಬಗ್ಗಿದಾಗ ಇಡೀ ತರಗತಿ ಬಗ್ಗಿತು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ, ಮೊದಲು ಕೂಗಿದ್ದೇನು ಹೇಳಿಕೊಡಿ ಎಂದು ಪೀಡಿಸಿದರು. ನಾನು ಇದನ್ನು ಕಣ್ಣಾರೆ ಕಂಡಿರದಿದ್ದರೂ ಕಿವಿಯಾರೆ ಕೇಳಿದ್ದೇನೆ, ಏಕೆಂದರೆ ಅದು ಪಾರ್ಕಿಂಗ್ ಲಾಟಿನವರೆಗೂ ಕೇಳಿಸುವಂತಿತ್ತು: ಇಪ್ಪತ್ತು ಅಮೆರಿಕದ ಗಂಟಲುಗಳಲ್ಲಿ 'ನ-ಗ್ಗಿ-ತು'.

ಆಮೇಲೆ ಸಿಸ್ಟರ್ ತಮ್ಮ ಕೋಣೆಯಲ್ಲಿ ಕೇಳಿದರಂತೆ. ಈ ರಾಜನ ಬದುಕಿನಲ್ಲಿ ನಮಗೆ ಮುಖ್ಯವಾದದ್ದು ಅವನು ಕ್ರೈಸ್ತನಾದದ್ದು. ಅದನ್ನು ಕಲಿಸಲು ನಿಮಗೆ, ನಿಮ್ಮ ನಂಬಿಕೆಯವರಿಗೆ, ಕಷ್ಟವಾಗುವುದಿಲ್ಲವೇ?

ಮೇಡಂ ಹೇಳಿದ್ದು: "ಕಷ್ಟ ಆಗಿದ್ದು ಅವನಿಗೆ, ಸಿಸ್ಟರ್. ಹೆಂಡತಿ ವರ್ಷಗಟ್ಟಲೆ ಹೇಳಿದಳು, ಕೇಳಲಿಲ್ಲ. ಯುದ್ಧದಲ್ಲಿ ಸೋಲೋ ಹಾಗಾದಾಗ ಕೇಳಿದ. ಹೆಂಡತಿ ಮಾತನ್ನ ತಡವಾಗಿ ಕೇಳೋ ಗಂಡಸು ಎಲ್ಲ ಧರ್ಮದಲ್ಲೂ ಇದ್ದಾನೆ. ನಾನು ಅಲ್ಲಿಂದ ಶುರುಮಾಡ್ತೀನಿ."

ಸಿಸ್ಟರ್ ನಕ್ಕ ನಗುವನ್ನು ಮೇಡಂ ನಮಗೆ ಎಷ್ಟೋ ಸಲ ನಕ್ಕು ತೋರಿಸಿದ್ದಾರೆ. ಪ್ರತಿ ಸಲವೂ ಸ್ವಲ್ಪ ಉದ್ದವಾಗುತ್ತಿತ್ತು.

ಫೋನು ಬಂದಾಗ ನಾವೆಲ್ಲ ಅವರ ಮನೆಯಲ್ಲೇ ಇದ್ದೆವು. ಮೇಡಂ ನಿಂತು ಕೇಳಿದರು. ಇಕ್ಬಾಲ್ ಕುಳಿತಿದ್ದವನು ಎದ್ದು ನಿಂತ. ಸಿಸ್ಟರ್ ಹೇಳಿದ್ದು: ನಮಗೆಲ್ಲ ತುಂಬ ಇಷ್ಟವಾಯಿತು, ನಿಮಗೆ ಇಲ್ಲಿನ ಅನುಭವವಿಲ್ಲವಾದ್ದರಿಂದ ಸದ್ಯಕ್ಕೆ ಇನ್ನೊಬ್ಬ ಟೀಚರಿಗೆ ಸಹಾಯಕಿಯಾಗಿ ಬನ್ನಿ.

"ಥ್ಯಾಂಕ್ಯೂ ಸಿಸ್ಟರ್," ಎಂದರು ಮೇಡಂ ಇಂಗ್ಲಿಷಿನಲ್ಲಿ. "ಆದ್ರೆ ನಾನು ಸಹಾಯಕಿ ಅಲ್ಲ. ನಾನು ಟೀಚರ್. ಅದನ್ನೇ ನಿಮಗೆ ತೋರಿಸೋಕೆ ಬಂದಿದ್ದೆ."

ಫೋನಿಟ್ಟರು.

"ಅಯ್ಯಯ್ಯೋ!" ಕುಲಕರ್ಣಿ ತಲೆ ಹಿಡಿದುಕೊಂಡ. "ಬಂದ ಭಾಗ್ಯಾನ ಕಾಲಿಲೆ ಒದ್ರಲ್ರೀ! ಒಂದು ವರ್ಷ ಸಹಾಯ ಮಾಡಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

ಮೇಡಂ ಇಕ್ಬಾಲ್‌ನ ಮುಖ ನೋಡಿದರು. ಅದೊಂದೇ ಸಲ ನಾನು ಅವರನ್ನು ಹೆದರಿದವರ ಹಾಗೆ ಕಂಡದ್ದು. ಫ್ರಿಜ್ಜಿನ ಮೇಲೆ ಟ್ರಾವೆಲ್ ಏಜೆಂಟನ ನಂಬರು ಆಗಲೇ ಅಂಟಿಸಿತ್ತು.

ಇಕ್ಬಾಲ್ ಆ ನಂಬರಿನತ್ತ ನೋಡಿದ. ಆಮೇಲೆ, "ಕುಲಕರ್ಣಿ," ಎಂದ, "ನಾನು ಲೆಕ್ಚರರ್‌ನ ಮದುವೆಯಾದೋನು. ಸಹಾಯಕಿಯನ್ನಲ್ಲ. ಜೂನ್‌ಗೆ ಮೈಸೂರಾದ್ರೆ ಮೈಸೂರು."

ಮೇಡಂ ಆ ಮಾತಿಗೆ ಅತ್ತರೆಂದು ಸುಧಾ ಹೇಳುತ್ತಾಳೆ. ನಕ್ಕರೆಂದು ನನ್ನ ನೆನಪು. ಇಬ್ಬರೂ ಅಲ್ಲೇ ಇದ್ದೆವು.

ಆ ವಾರ ಮುಗಿಯುವ ಮೊದಲೇ ಸಿಸ್ಟರ್ ಮತ್ತೆ ಫೋನ್ ಮಾಡಿದರು. ಈ ಸಲ ಮಾತು ಚಿಕ್ಕದು. ಮೇಡಂ "ಎಸ್" ಎಂದರು, ಮತ್ತೊಮ್ಮೆ "ಎಸ್" ಎಂದರು, "ನನ್ನದೇ ತರಗತಿ ತಾನೇ?" ಎಂದು ಕೇಳಿದರು, ಕೊನೆಗೆ ರಿಸೀವರನ್ನು ಕೈಯಲ್ಲಿ ಹಿಡಿದುಕೊಂಡೇ ಕಿರುಚಿದರು. ಆ ಕಿರುಚು ಕೇಳಿ ಕುಲಕರ್ಣಿ ಏನೋ ಅನಾಹುತವಾಯಿತೆಂದು ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದ. ವಿಷಯ ತಿಳಿದೊಡನೆ, "ನಾ ಮದ್ಲ ಹೇಳಿರಲಿಲ್ಲೇನ್ರೀ, ರಾಜಾನ್ನೇ ಹಿಡೀರಿ ಅಂತ!" ಎಂದ. ಮುಂದೆ ವರ್ಷಗಟ್ಟಲೆ ಅವನು ಅದನ್ನೇ ಹೇಳಿದ. ಈಗ ಅವನಿಗೇ ಅದು ನಿಜವೆನ್ನಿಸಿದೆ, ನಾವೂ ತಿದ್ದುವುದನ್ನು ಬಿಟ್ಟಿದ್ದೇವೆ. ಗೆಲುವಿನಲ್ಲಿ ಚೀಟಿ ಎತ್ತಿ ಪಾಲು ಹಂಚಲು ಆಗುವುದಿಲ್ಲ.

ಹೋದ ತಿಂಗಳು ಅವರು ಅದೇ ಶಾಲೆಯಿಂದ ನಿವೃತ್ತರಾದರು. ಎಷ್ಟು ಹುಡುಗಿಯರು ಅವರ ಕೈಯಲ್ಲಿ ಹಾದುಹೋದರೋ. ಸಮಾರಂಭಕ್ಕೆ ನಮ್ಮನ್ನೂ ಕರೆದಿದ್ದರು. ಅಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ವಕೀಲೆ, ಮಾತಾಡಲು ಎದ್ದಳು. ಮೇಡಂನ ಮೊಟ್ಟಮೊದಲ ತರಗತಿಯಲ್ಲಿ ಕೂತಿದ್ದವಳು. ಕ್ಲೋವಿಸ್ ಬಗ್ಗೆ ಈಗೇನೂ ನೆನಪಿಲ್ಲ ಎಂದು ಮೊದಲೇ ಒಪ್ಪಿಕೊಂಡಳು. ನೆನಪಿರುವುದು ಸೆಪ್ಟೆಂಬರಿನ ಆ ಮೊದಲ ಬೆಳಿಗ್ಗೆಯಂತೆ.

ಅವಳು ಹೇಳಿದಳು: ಹೊಸ ಟೀಚರ್ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ನಾವು ಮಾತಾಡುತ್ತಲೇ ಇದ್ದೆವು. ಅವರು ಬಯ್ಯಲಿಲ್ಲ, ಕೆಮ್ಮಲಿಲ್ಲ, ಯಾರಿಗೋ ಕಾಯುತ್ತಿರುವ ಹಾಗೆ ಹೊಸ್ತಿಲಲ್ಲಿ ನಿಂತರು. ಒಬ್ಬೊಬ್ಬರಾಗಿ ಸುಮ್ಮನಾದೆವು. ಏನು ಬೇಕೆಂದು ಯಾರಿಗೂ ಗೊತ್ತಿಲ್ಲ. ಟೀಚರ್ ಬಂದರೆ ಏಳಬೇಕೆಂದು ನಮ್ಮಲ್ಲಿ ಯಾರೂ ಕಲಿಸಿರಲಿಲ್ಲ. ಆದರೂ ಯಾಕೋ ಒಬ್ಬಳು ಎದ್ದಳು. ಇನ್ನೊಬ್ಬಳು. ಕುರ್ಚಿಗಳ ಸದ್ದು. ಕೊನೆಗೆ ಎಲ್ಲರೂ ಎದ್ದು ನಿಂತೆವು. ಆಗ ಅವರು ಒಳಗೆ ಬಂದು, ಮೇಜಿನ ಹಿಂದೆ ನಿಂತು, ನಮ್ಮನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಒಂದೇ ಒಂದು ಪದ ಹೇಳಿದರು. ಆ ಪದ ಯಾವ ಭಾಷೆಯದೋ ನಮಗೆ ತಿಳಿಯದು. ಅರ್ಥ ಮಾತ್ರ ಎಲ್ಲರಿಗೂ ತಿಳಿಯಿತು.

ವಕೀಲೆ ಆ ಪದವನ್ನು ಮೈಕಿನಲ್ಲಿ ಹೇಳಿದಳು, ತನ್ನ ನ್ಯೂಜೆರ್ಸಿಯ ನಾಲಿಗೆಯಲ್ಲಿ, ಒತ್ತಕ್ಷರ ಸ್ವಲ್ಪ ತಡವರಿಸಿದರೂ ಸ್ಪಷ್ಟವಾಗಿ:

"ಕೂತ್ಕೊಳ್ಳಿ."